ಬೊಜ್ಜಿನ ಭಾರ ಮೂತ್ರಪಿಂಡಕ್ಕೆ

ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಹೊಟ್ಟೆ ಬಂದವನನ್ನು ಸುಖಿಯೆಂದು ಕರೆಯುವುದುಂಟು. ಆ ಸುಖಕ್ಕೆ ಬೆಲೆ ತೆರುವುದು ಮೂತ್ರಪಿಂಡ!

1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದ ಇನ್ಸುಲಿನ್, ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವ ರಸ. ಹೊಟ್ಟೆಯ ಬೊಜ್ಜು ಬೆಳೆದಂತೆ ಜೀವಕೋಶಗಳು ಅದಕ್ಕೆ ಮಣಿಯವು. ಮೇದೋಜೀರಕಾಂಗವು ಇನ್ನಷ್ಟು ರಸ ಸುರಿಸುತ್ತದೆ. ಪ್ರತಿ ಮೂತ್ರಪಿಂಡದ ಸುಮಾರು ಹತ್ತು ಲಕ್ಷ ಶೋಧಕಗಳ ಮೇಲೆ ಒತ್ತಡ ಏರುತ್ತದೆ. ಕ್ರಮೇಣ ಆಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ಆರಂಭದಲ್ಲಿ ನೋವೇ ಇಲ್ಲ.

ಸುಳಿವು ಮಾತ್ರ ಉಂಟು. ರಕ್ತದಲ್ಲಿ ಟ್ರೈಗ್ಲಿಸರೈಡ್ ಏರಿ ಒಳ್ಳೆಯ ಕೊಲೆಸ್ಟರಾಲ್ ಇಳಿದಿದ್ದರೆ, ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಮೀರಿದ್ದರೆ, ಮೂತ್ರದ ಆಲ್ಬುಮಿನ್ ಹಾಗೂ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುವುದು ಲೇಸು. ಕಾಲ ಮೀರುವ ಮುನ್ನ ಬೊಜ್ಜು ಕರಗಿಸಿದರೆ ಆ ಒತ್ತಡವೂ ತಗ್ಗೀತು.