ಕಾರಿನ ಹೆಸರು ಕೀಳುವ ಕೆಲಸ

ಚನ್ನಪಟ್ಟಣದಿಂದ ಬೆಂಗಳೂರಿನ ಕಡೆ ಹೊರಟರೆ ರಾಮನಗರ ದಾಟಿದ ಮೇಲೆ ಬಿಡದಿ. ನನ್ನ ವಯಸ್ಸಿನವರಿಗೆ ಬಿಡದಿ ಎಂದರೆ ತಟ್ಟೆ ಇಡ್ಲಿ. ಏಳನೇ ಕ್ಲಾಸಿನ ನನ್ನ ಮೊಮ್ಮಗನಿಗೆ ಮಾತ್ರ ಅದು ಕಾರಿನ ಊರು. ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಅಲ್ಲಿ ಕ್ವಾಲಿಸ್ ಗಾಡಿ ತಯಾರಿಸಲು ಶುರು ಮಾಡಿತು. 2022ರಲ್ಲಿ ಅದೇ ಕಾರ್ಖಾನೆಯಿಂದ ಒಂದು ಜೋಡಿ ಹೊರಬಂತು. ಒಂದರ ಮೂತಿಯ ಮೇಲೆ ಟೊಯೋಟದ ಗುರುತು, ಹೆಸರು ಹೈರೈಡರ್. ಇನ್ನೊಂದರ ಮೇಲೆ ಸುಜುಕಿಯ ‘ಎಸ್’, ಹೆಸರು ಗ್ರಾಂಡ್ ವಿಟಾರ. ಗ್ರಿಲ್, ಬಂಪರ್, ದೀಪಗಳಲ್ಲಿ ವ್ಯತ್ಯಾಸ ಉಂಟು. ಒಳಗೆ ನೋಡಿದರೆ ಒಡಹುಟ್ಟಿದವರು!

ಇದು ಹೊಸ ಕಥೆಯೇನಲ್ಲ. ಅಜ್ಜ ಅಜ್ಜಿಯರಿಗೆ ನೆನಪಿರಬಹುದು, ನಾವೆಲ್ಲ ‘ಫಿಯಟ್’ ಎನ್ನುತ್ತಿದ್ದ ಕಾರು 1970ರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಪ್ರೀಮಿಯರ್ ಪದ್ಮಿನಿ ಆಯಿತು. ಜನ ಮಾತ್ರ ಕೊನೆಯವರೆಗೂ ಫಿಯಟ್ ಎಂದೇ ಕರೆದರು. 2003ರಲ್ಲಿ ನಮ್ಮ ಟಾಟಾ ಇಂಡಿಕಾ ಇಂಗ್ಲೆಂಡಿಗೆ ಹೋಗಿ, ರೋವರ್ ಕಂಪನಿಯ ಗುರುತು ಧರಿಸಿ ‘ಸಿಟಿ ರೋವರ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು.

ಕಾರಿನ ಮೇಲಿನ ಈ ಗುರುತಿಗೆ ಗ್ಯಾರೇಜಿನವರು ‘ಮೋನೋಗ್ರಾಂ’ ಎನ್ನುತ್ತಾರೆ. ಇದನ್ನೆಲ್ಲ ಕೇಳಿದ ಮೊಮ್ಮಗ ಒಂದು ದಿನ ನಮ್ಮ ಹಳೆಯ ಕೆಂಪು ಮಾರುತಿ 800ರ ಸುತ್ತ ಒಂದು ಸುತ್ತು ಹಾಕಿ ಬಂದ. “ತಾತ, ಕಂಪನಿಯವರೇ ಹೆಸರು ಬದಲಾಯಿಸಿಕೊಳ್ಳುತ್ತಾರಲ್ಲ, ನಾವೂ ಇದಕ್ಕೆ ದೊಡ್ಡ ಕಾರಿನ ಮೋನೋಗ್ರಾಂ ಅಂಟಿಸೋಣವಾ?” ಎಂದ. ಅವನ ಗೆಳೆಯನ ಮನೆಯಲ್ಲಿ ಹೊಸ ಕಾರು ಬಂದಿತ್ತು. ಇವನಿಗೆ ನಮ್ಮ ಕಾರಿನಲ್ಲಿ ಶಾಲೆಯ ಗೇಟಿನ ಮುಂದೆ ಇಳಿಯಲು ಸಂಕೋಚ ಶುರುವಾಗಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ. ಗೇಟಿಗೆ ಇನ್ನೂ ದೂರವಿರುವಾಗಲೇ “ಇಲ್ಲೇ ನಿಲ್ಲಿಸಿ ತಾತ” ಎನ್ನುತ್ತಿದ್ದ.

ನಾನು ಬೈಯಲಿಲ್ಲ. ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತರಿಸಿದೆ. ಬಾನೆಟ್ ಎತ್ತಿ, ಒಳಗೆ ಲೋಹದಲ್ಲಿ ಕೊರೆದಿದ್ದ ಚಾಸಿಸ್ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಲು ಹೇಳಿದೆ. ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತೀರಲ್ಲ, ಹಾಗೆ. ಒಂದೊಂದೇ ಅಕ್ಷರ, ಅಂಕಿ ಮೂಡಿ ಬಂತು. ಬ್ಯಾಂಕಿನಲ್ಲಿ ವಾಹನ ಸಾಲದ ಕಾಗದಗಳ ಜೊತೆ ಇಂಥ ಪೆನ್ಸಿಲ್ ಅಚ್ಚುಗಳನ್ನು ಎಷ್ಟೋ ನೋಡಿದ್ದೇನೆ. “ಕಾರಿನ ನಿಜವಾದ ಹೆಸರು ಇದು, ಆರ್‌ಸಿಯಲ್ಲೂ ಇದೇ ಇದೆ. ಇದನ್ನು ಕೀಳುವುದು, ಕೆರೆಯುವುದು ಅಪರಾಧ. ಹಿಂದುಗಡೆ ಅಂಟಿಸಿರುವುದು ಬರೀ ಒಡವೆ. ಆದರೂ ಬೇರೆಯವರ ಒಡವೆ ಹಾಕಿಕೊಂಡು ಮೆರೆಯುವುದು ಬೇಡ. ನಮ್ಮದನ್ನೇ ಹೊಸದು ಮಾಡೋಣ” ಎಂದೆ. ಅವನ ಮುಖ ಅಷ್ಟೇನೂ ಅರಳಲಿಲ್ಲ. ಆದರೆ ಕೀಳುವ ಕೆಲಸ ಇದೆ ಎಂದ ತಕ್ಷಣ ಚಪ್ಪಲಿ ಬಿಟ್ಟು ಬಂದ.

ಹಳೆಯ ಕಾಲದ ಕಾರುಗಳಲ್ಲಿ ಮೋನೋಗ್ರಾಂ ಲೋಹದ್ದು. ಹಿಂದೆ ಮೊಳೆಯಂಥ ಕಡ್ಡಿಗಳಿದ್ದು, ತಗಡಿನ ತೂತಿನಲ್ಲಿ ಕೂತಿರುತ್ತಿತ್ತು. ಒಳಗಿನಿಂದ ಬಿಚ್ಚಬೇಕು, ತೂತಿನ ಸುತ್ತ ತುಕ್ಕು ಹಿಡಿದಿದ್ದರೆ ಅದನ್ನೂ ನೋಡಿಕೊಳ್ಳಬೇಕು. ಈಚಿನವು ಹೆಚ್ಚಾಗಿ ಪ್ಲಾಸ್ಟಿಕ್ಕಿನವು, ಮೇಲೆ ಕ್ರೋಮ್ ಲೇಪ, ಹಿಂದೆ ಎರಡೂ ಕಡೆ ಅಂಟುವ ಟೇಪು. ನಮ್ಮದು ಈ ಎರಡನೆಯ ಜಾತಿ.

ಕೀಳುವ ಮೊದಲು ಕಾರು ತೊಳೆಯಬೇಕು. ಮಣ್ಣು ಉಳಿದರೆ ಅದೇ ಗೀರು ಹಾಕುತ್ತದೆ. ಆಮೇಲೆ ಮೋನೋಗ್ರಾಂನ ಕೆಳಗೂ ಪಕ್ಕಕ್ಕೂ ಮಾಸ್ಕಿಂಗ್ ಟೇಪಿನ ಪಟ್ಟಿ ಹಚ್ಚಿ ಜಾಗ ಗುರುತು ಮಾಡಬೇಕು. ಇಲ್ಲದಿದ್ದರೆ ಮತ್ತೆ ಅಂಟಿಸುವಾಗ ಸೊಟ್ಟಗಾಗುವುದು ಖಂಡಿತ. ಕೂದಲು ಒಣಗಿಸುವ ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿ ಗಾಳಿ ಕೊಟ್ಟರೆ ಅಂಟು ಮೆತ್ತಗಾಗುತ್ತದೆ. ಕೈ ಇಟ್ಟರೆ ತಡೆಯುವಷ್ಟೇ ಬಿಸಿ ಸಾಕು. ಸ್ಕ್ರೂಡ್ರೈವರ್ ತೂರಿಸಿ ಮೀಟಲೇಬಾರದು. ಮೀನು ಹಿಡಿಯುವ ಗಾಳದ ದಾರವನ್ನು ಎರಡು ಕೈಯಲ್ಲಿ ಹಿಡಿದು, ಮೋನೋಗ್ರಾಂನ ಹಿಂದೆ ತೂರಿಸಿ, ಗರಗಸದ ಹಾಗೆ ಆ ಕಡೆ ಈ ಕಡೆ ಎಳೆಯಬೇಕು. ಮೊಮ್ಮಗನಿಗೆ ಇದು ಬಹಳ ಹಿಡಿಸಿತು. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉರುಳಿಸಿ ಉರುಳಿಸಿ ತೆಗೆದೆವು. ಕೊನೆಯ ಜಿಡ್ಡಿಗೆ ಬಟ್ಟೆಯ ಮೇಲೆ ಸ್ವಲ್ಪ ಸೀಮೆಎಣ್ಣೆ, ಅದರ ಹಿಂದೆಯೇ ಸೋಪಿನ ನೀರು.

ಅಷ್ಟರಲ್ಲಿ ಅವನು “ತಾತ, ಹೆಸರು ಹೋಗಿಲ್ಲ!” ಎಂದು ಕೂಗಿದ. ನಿಜ, ಅಕ್ಷರಗಳಿದ್ದ ಜಾಗದಲ್ಲಿ ಅದೇ ಆಕಾರದ ಕಡುಗೆಂಪು. ಉಳಿದ ಡಿಕ್ಕಿಯ ಬಣ್ಣ ಬಿಸಿಲಿನ ಅತಿನೇರಳೆ ಕಿರಣಕ್ಕೆ ಸಿಕ್ಕಿ ಮಸುಕಾಗಿದೆ, ಮೋನೋಗ್ರಾಂನ ನೆರಳಿನಲ್ಲಿದ್ದ ಬಣ್ಣ ಹಾಗೆಯೇ ಉಳಿದಿದೆ. ಕೈಗಡಿಯಾರ ಬಿಚ್ಚಿದರೆ ಮಣಿಕಟ್ಟಿನಲ್ಲಿ ಕಾಣುತ್ತದಲ್ಲ, ಅದೇ ತರಹ. ಕಾರು ಹೊಸದಾಗಿದ್ದಾಗ ಎಷ್ಟು ಕೆಂಪಗಿತ್ತು ಎಂದು ಅವನು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಅಲ್ಲೇ ನಿಂತಿದ್ದ.

ಬಣ್ಣ ಹಚ್ಚುವುದು ಸುಲಭ, ಬಣ್ಣ ನಿಲ್ಲುವ ಹಾಗೆ ಮಾಡುವುದು ಕಷ್ಟ. ನಮ್ಮೂರ ಗೊಂಬೆ ಮಾಡುವವರಿಗೆ ಈ ತಾಪತ್ರಯ ಇಲ್ಲ. ಅವರು ಆಲೆ ಮರದ ತುಂಡನ್ನು ಲೇತ್‌ನಲ್ಲಿ ತಿರುಗಲು ಬಿಟ್ಟು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಕಚ್ಚಿಕೊಳ್ಳುತ್ತದೆ. ಮೇಲೆ ಒಣಗಿದ ತಾಳೆಗರಿ ಹಿಡಿದರೆ ಹೊಳಪು. ಬ್ರಷ್ಷೂ ಬೇಡ, ಒಣಗಲು ಕಾಯುವುದೂ ಬೇಡ. ಕ್ರೋಮ್ ಹಾಕಿದ ಪ್ಲಾಸ್ಟಿಕ್ ಹಾಗಲ್ಲ, ಗಾಜಿನ ಹಾಗೆ ನುಣುಪು. ಅದರ ಮೇಲೆ ಹಾಗೆಯೇ ಬಣ್ಣ ಬಳಿದರೆ ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತದೆ. 400 ನಂಬರಿನ ವಾಟರ್ ಪೇಪರ್, ಆಮೇಲೆ 600, ಎರಡನ್ನೂ ನೀರಿನಲ್ಲಿ ಅದ್ದಿ ಹೊಳಪು ಪೂರ್ತಿ ಹೋಗುವ ತನಕ ಉಜ್ಜಬೇಕು. ಅಕ್ಷರಗಳ ಸಂದಿಗೆ ಹಳೆಯ ಟೂತ್‌ಬ್ರಷ್.

ಇಲ್ಲಿ ಅಜ್ಜ ಅಜ್ಜಿಯರಿಗೆ ಒಂದು ಮಾತು. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಸೀಸದ ಧೂಳು ಚಿಕ್ಕ ಮಕ್ಕಳ ಮೆದುಳಿಗೆ ವಿಷ. ಮನೆಗೆ ಬಳಿಯುವ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್ 1ರಿಂದ. ಆ ನಿಯಮ ಮನೆಯ ಬಣ್ಣಕ್ಕೆ, ಕಾರಿನ ಬಣ್ಣಕ್ಕಲ್ಲ. ಆದ್ದರಿಂದ ಹಳೆಯ ಕಾರಿನ ಮೈಬಣ್ಣವನ್ನು ಮಕ್ಕಳ ಕೈಯಲ್ಲಿ ಉಜ್ಜಿಸಬೇಡಿ, ಒಣಗಿಯೇ ಉಜ್ಜುವುದಂತೂ ಬೇಡ. ಮೋನೋಗ್ರಾಂ ಕೂಡ ನಾನೇ ಉಜ್ಜಿದೆ. ಅವನಿಗೆ ನೀರು ಹುಯ್ಯುವ ಕೆಲಸ, ಅದೂ ದೂರ ನಿಂತು. ಮುನಿಸಿಕೊಂಡ, ಪರವಾಗಿಲ್ಲ.

ಪ್ಲಾಸ್ಟಿಕ್ಕಿಗೆಂದೇ ಪ್ರೈಮರ್ ಸಿಗುತ್ತದೆ, ಅದನ್ನು ತಪ್ಪಿಸಬಾರದು. ಅದು ಒಣಗಿದ ಮೇಲೆ ಸ್ಪ್ರೇ ಡಬ್ಬಿಯನ್ನು ಒಂದು ಗೇಣು ದೂರದಲ್ಲಿ ಹಿಡಿದು, ಕೈ ನಿಲ್ಲಿಸದೆ ತೆಳುವಾಗಿ ಬೀಸಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸಲ, ಮತ್ತೆ ಒಂದು ಸಲ. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಬಣ್ಣ ಮೂಗಿನ ಹಾಗೆ ಸೋರುತ್ತದೆ. ಬಯಲಿನಲ್ಲೇ ಮಾಡಿ, ಮೂಗಿಗೆ ಮಾಸ್ಕ್ ಇರಲಿ, ಗಾಳಿ ಬೀಸುವ ಹೊತ್ತು ಬೇಡ. ಕ್ರೋಮ್ ಬಣ್ಣ ಎಂದು ಬರೆದ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ. ನನ್ನ ಕಣ್ಣಿಗೆ ಅದು ಬೂದು ಬಣ್ಣದ ಹಾಗೆ ಕಾಣುತ್ತದೆ, ನಿಜವಾದ ಕ್ರೋಮಿನ ಹೊಳಪು ಬಾರದು. ನಾವು ಕಪ್ಪನ್ನೇ ಆರಿಸಿದೆವು.

ಅದೇ ಕಪ್ಪು ಬಂಪರಿಗೂ ಆಯಿತು. ಬಣ್ಣ ಬಳಿಯದ ಕಪ್ಪು ಪ್ಲಾಸ್ಟಿಕ್ ವರ್ಷಗಟ್ಟಲೆ ಬಿಸಿಲು ಕುಡಿದು ಬೂದಿಯ ಹಾಗಾಗಿರುತ್ತದೆ. ಕೆಲಸ ಅದೇ, ತೊಳೆ, ಉಜ್ಜು, ಪ್ರೈಮರ್, ಬಣ್ಣ. ಸುತ್ತಲಿನ ಮೈಗೆ ಹಳೆಯ ನ್ಯೂಸ್‌ಪೇಪರ್ ಹೊದಿಸಿ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಬೇಕು. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಎಳೆದರೆ ಅಂಚು ನೀಟಾಗಿ ಬರುತ್ತದೆ. ಹೆಸರು, ಬಂಪರಿನ ಬಣ್ಣ ಯಾವುದಾದರೂ ಆಗಲಿ, ಕಾರಿನ ಮೈಬಣ್ಣವನ್ನೇ ಬೇರೆ ಮಾಡಿಸಿದರೆ ಮಾತ್ರ ಆರ್‌ಟಿಓ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ತಿದ್ದಿಸಬೇಕು.

ಎರಡು ದಿನ ಒಣಗಲು ಬಿಟ್ಟು, ಮೋನೋಗ್ರಾಂ ಹಿಂದೆ ಹೊಸ ಟೇಪು ಕತ್ತರಿಸಿ ಹಚ್ಚಿ, ಗುರುತಿನ ಪಟ್ಟಿಗಳ ನೇರಕ್ಕೆ ಒತ್ತಿದೆವು. ಒತ್ತಿದ್ದು ಮೊಮ್ಮಗ. ಕೆಳಗಿನ ಕಡುಗೆಂಪು ಅಕ್ಷರಗಳ ಮೇಲೆ ಹೊಸ ಕಪ್ಪು ಅಕ್ಷರಗಳು ಸರಿಯಾಗಿ ಕೂತವು. ಒಂದು ದಿನ ನೀರು ಸೋಕಬಾರದು ಎಂದು ಹೇಳಿದ್ದೆ. ಸಂಜೆ ನಾಲ್ಕು ಹನಿ ಬೀಳುತ್ತಲೂ ನನ್ನ ಹಳೆಯ ಕೊಡೆ ಬಿಚ್ಚಿಕೊಂಡು ಓಡಿದವನು, ಮಳೆ ನಿಲ್ಲುವ ತನಕ ಡಿಕ್ಕಿಯ ಹಿಂದೆ ನಿಂತಿದ್ದ.