ಮುಪ್ಪಿನ ಕಾಲಕ್ಕೆ ಮೂರು ಖೋಲಿ!

ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ನೋಡಿದ್ದೀರಲ್ಲ? 1958ರ ಚಿತ್ರ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರಾಗಿ ಪಂತುಲು, ಅವರ ಮಡದಿಯಾಗಿ ಎಂ. ವಿ. ರಾಜಮ್ಮ. ಮುಪ್ಪು ಬಂತು, ಕೈ ಬರಿದಾಯಿತು, ಹೆತ್ತ ಮಕ್ಕಳೇ ಅಪ್ಪನನ್ನು ಒಂದು ಕಡೆ, ಅಮ್ಮನನ್ನು ಒಂದು ಕಡೆ ಮಾಡಿದರು! ಕೊನೆಗೆ ಆಸರೆಯಾದವನು ಹಳೆಯ ಶಿಷ್ಯ.

ಎಲ್ಲ ಮೇಷ್ಟ್ರಿಗೂ ಅಂಥ ಶಿಷ್ಯ ಸಿಗುತ್ತಾನೆಯೇ? ಸಿಗುವುದಿಲ್ಲ ಸ್ವಾಮೀ! ಅದಕ್ಕೇ ಪೆನ್ಷನ್ ಹತ್ತಿರ ಬಂದವರ ಬಾಯಲ್ಲಿ ಒಂದೇ ಮಾತು – “ಎರಡು ಖೋಲಿ ಕಟ್ಟಿಸಿ ಬಾಡಿಗಿಗೆ ಬಿಟ್ರ ಹೆಂಗ?”

ಇದು ಬೆಂಗಳೂರಿನ ಮಾತಷ್ಟೇ ಅಲ್ಲ. ಕೊಪ್ಪಳ ಜಿಲ್ಲೆಯ ತಳಕಲ್ಲನ್ನೇ ತೆಗೆದುಕೊಳ್ಳಿ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರು ತಾಲ್ಲೂಕು. ಗದಗ–ಕೊಪ್ಪಳ ರೈಲು ಹಾದಿಯಲ್ಲಿರುವ ಊರು. ವಾಡಿ ಕಡೆಗೆ ಹೋಗುವ ಹೊಸ ಹಾದಿ ಕವಲೊಡೆಯುವುದು ಇಲ್ಲೇ. 2025ರ ಮೇ ತಿಂಗಳಲ್ಲಿ ಆ ಹಾದಿಯ ಮೇಲೆ ಕುಷ್ಟಗಿಯವರೆಗೆ ರೈಲು ಓಡಿತು. ಊರಿಗೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಬಂದಿದೆ. ಕಾಲೇಜು ಎಂದ ಮೇಲೆ ಪರವೂರಿನ ಹುಡುಗರು. ಹುಡುಗರೆಂದ ಮೇಲೆ ಖೋಲಿ ಬೇಕೇ ಬೇಕು!

ಮಾಸ್ತರ್ ಲೆಕ್ಕ, ಮನೆಯಾಕೆಯ ಲೆಕ್ಕ

ಈ ಊರಿನ ಒಬ್ಬ ಮಾಸ್ತರ್ ನಿವೃತ್ತರಾದರು ಎಂದು ಇಟ್ಟುಕೊಳ್ಳಿ. ವಯಸ್ಸು 60. ಕೈಗೆ 20 ಲಕ್ಷ ರೂಪಾಯಿ ಬಂತು. ಮನೆ ಹಿಂದೆ ಸ್ವಂತ ಜಾಗವಿದೆ. 10 ಲಕ್ಷ ಹಾಕಿ ಮೂರು ಖೋಲಿ ಕಟ್ಟಿಸುವ ಆಸೆ. ಖೋಲಿಗೆ ತಿಂಗಳಿಗೆ 2,500 ಅಂದರೂ ಮೂರಕ್ಕೆ 7,500. ವರ್ಷಕ್ಕೆ 90,000. ಮಾಸ್ತರ್ ಮುಖ ಅರಳಿತು!

ಆದರೆ ಕಾಲೇಜಿಗೆ ಸೂಟಿ ಬಿಟ್ಟಾಗ ಹುಡುಗರು ಗಂಟುಮೂಟೆ ಕಟ್ಟುತ್ತಾರೆ. ಎರಡು ತಿಂಗಳು ಖೋಲಿ ಖಾಲಿ. ಉಳಿದದ್ದು 75,000. ಸುಣ್ಣ-ಬಣ್ಣ, ನಲ್ಲಿ, ಪಂಪು, ಪಂಚಾಯತಿ ತೆರಿಗೆ ಎಂದು 10,000 ತೆಗೆದಿಡಿ. ಕೈಗೆ ಸಿಕ್ಕಿದ್ದು 65,000. ಅಂದರೆ ನೂರಕ್ಕೆ ಆರೂವರೆ.

ಇತ್ತ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ನೋಡಿ. 2025ರಲ್ಲಿ ಅದರ ಬಡ್ಡಿ ನೂರಕ್ಕೆ 8.2. ಅದೇ 10 ಲಕ್ಷಕ್ಕೆ ವರ್ಷಕ್ಕೆ 82,000. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ನಲ್ಲಿ ಸೋರುವುದಿಲ್ಲ, ಹುಡುಗರ ಗಲಾಟೆಯಿಲ್ಲ!

ಹಾಗಾದರೆ ಖೋಲಿ ಯಾಕೆ? ಬಡ್ಡಿ ಐದು ವರ್ಷ ನಿಂತಲ್ಲೇ ನಿಲ್ಲುತ್ತದೆ, ಬಾಡಿಗೆ ಏರಬಹುದು. ಉಳಿಯುವ ದುಡ್ಡು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ಐದು ವರ್ಷದಲ್ಲಿ ಆ 65,000 ಸುಮಾರು 83,000 ಆಗುತ್ತದೆ. ಅಲ್ಲಿಂದ ಮುಂದೆ ಖೋಲಿಯೇ ಮೇಲು. ಆದರೆ ಆ ಐದು ವರ್ಷ ತಡೆದುಕೊಳ್ಳುವ ತಾಕತ್ತು ಬೇಕು. ಮನೆಯಾಕೆ ಕೇಳುವುದು ಅದನ್ನೇ – “ಇದ್ದ ರೊಕ್ಕ ಎಲ್ಲಾ ಗ್ವಾಡಿಗೆ ಹಾಕಿದ್ರ ನಾಳೆ ದವಾಖಾನಿಗೆ ಏನ್ ಮಾಡ್ತೀರಿ?” ಆಕೆಯ ಲೆಕ್ಕವೇ ಸರಿ. ಅರ್ಧ ಅಂಚೆ ಕಚೇರಿಗೆ, ಅರ್ಧದೊಳಗೆ ಖೋಲಿ. ಅದೂ ಮೊದಲು ಒಂದೇ ಖೋಲಿ. ಅದು ತುಂಬಿದ ಮೇಲೆ ಎರಡನೆಯದು.

ಸಾಲ ಮಾಡಿ ಕಟ್ಟಿದರೆ? ಬಹಳಷ್ಟು ಬ್ಯಾಂಕುಗಳು ಸಾಲಗಾರನಿಗೆ 70–75 ತುಂಬುವುದರೊಳಗೆ ಸಾಲ ತೀರಬೇಕು ಎನ್ನುತ್ತವೆ. ಹಾಗಾಗಿ ಕಂತಿನ ಕಾಲ ಕಡಿಮೆ, ಕಂತು ದೊಡ್ಡದು. 10 ಲಕ್ಷವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 12 ವರ್ಷಕ್ಕೆ ತೀರಿಸಲು ತಿಂಗಳಿಗೆ ಸುಮಾರು 11,400 ಬೇಕು. ಬರುವ ಬಾಡಿಗೆ 7,500! ಉಳಿದದ್ದು ಪೆನ್ಷನ್ನಿನಿಂದ ಹೋಗಬೇಕು. ಈ ವಯಸ್ಸಿನಲ್ಲಿ ಸಾಲದ ಖೋಲಿ ಬೇಡವೇ ಬೇಡ.

ಬಾಲಣ್ಣನ ಕನಸು

ಚಿತ್ರರಂಗದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ನಗಿಸಿ, ಅಳಿಸಿ, ಹೆದರಿಸಿದ ಟಿ. ಎನ್. ಬಾಲಕೃಷ್ಣ – ನಮ್ಮ ಬಾಲಣ್ಣ! ಕಿವಿ ಮಂದವಾದರೂ ನೂರಾರು ಚಿತ್ರಗಳಲ್ಲಿ ಮಿಂಚಿದ ಕಲಾವಿದ. ಐವತ್ತು ದಾಟಿದ ಮೇಲೆ ಕೆಂಗೇರಿ ಬಳಿ ಸರ್ಕಾರ ಕೊಟ್ಟ 20 ಎಕರೆಯಲ್ಲಿ ‘ಅಭಿಮಾನ್ ಸ್ಟುಡಿಯೋ’ ಕಟ್ಟಲು ಹೊರಟರು. ಸ್ಟುಡಿಯೋ ಎಂದರೇನು? ಅದೂ ಬಾಡಿಗೆ ಮನೆಯೇ. ಫ್ಲೋರಿಗೆ ಬಾಡಿಗೆ ಬಂದರೆ ಅನ್ನ, ಇಲ್ಲದಿದ್ದರೆ ಇಲ್ಲ.

ಆಗ ಕನ್ನಡ ಚಿತ್ರಗಳ ಬಹುಪಾಲು ಕೆಲಸ ನಡೆಯುತ್ತಿದ್ದುದು ಮದ್ರಾಸಿನಲ್ಲಿ. ಬಾಡಿಗೆದಾರ ಅಲ್ಲಿ, ಮನೆ ಇಲ್ಲಿ! ಸ್ಟುಡಿಯೋ ಅವರು ಬಯಸಿದಂತೆ ಬೆಳೆಯಲಿಲ್ಲ. 1995ರಲ್ಲಿ ಬಾಲಣ್ಣ ಕಣ್ಮುಚ್ಚಿದರು. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಆ ನೆಲದಲ್ಲೇ ನಡೆಯಿತು. ಜಾಗದ ತಕರಾರು ವರ್ಷಗಟ್ಟಲೆ ಎಳೆದು, 2025ರ ಆಗಸ್ಟಿನಲ್ಲಿ ಆ ಸಮಾಧಿಯೂ ನೆಲಸಮವಾಯಿತು.

ಬಾಲಣ್ಣನ ಕನಸು ದೊಡ್ಡದು, ಅದಕ್ಕೆ ನಮಸ್ಕಾರ. ಮೂರು ಖೋಲಿ ಕಟ್ಟುವವರು ಅದರಿಂದ ಕಲಿಯಬೇಕಾದದ್ದು ಎರಡು. ಮೊದಲು ಬಾಡಿಗೆದಾರ ಎಲ್ಲಿದ್ದಾನೆ ನೋಡಿ, ಆಮೇಲೆ ಪಾಯ ತೋಡಿ. ತಳಕಲ್ಲಿನಲ್ಲಾದರೂ ಅಷ್ಟೇ – ಕಾಲೇಜಿನಲ್ಲಿ ಹುಡುಗರೆಷ್ಟು, ಹಾಸ್ಟೆಲಿನಲ್ಲಿ ಎಷ್ಟು ಮಂದಿಗೆ ಜಾಗ, ದಿನಾ ಬಸ್ಸು-ರೈಲಿನಲ್ಲಿ ಬಂದು ಹೋಗುವವರು ಎಷ್ಟು, ಕೇಳಿ ತಿಳಿಯಿರಿ. ರೈಲು ಬಂದರೆ ಬಾಡಿಗೆದಾರ ಬರುವುದೂ ಉಂಟು, ಅದೇ ರೈಲು ಹತ್ತಿ ಸಂಜೆ ಮನೆಗೆ ಹೋಗುವುದೂ ಉಂಟು!

ಎರಡನೆಯದು ಕಾಗದ. ಹೊಲದಲ್ಲಿ ಕಟ್ಟುವುದಾದರೆ ಮೊದಲು ಎನ್.ಎ. ಮಾಡಿಸಬೇಕು. ಊರೊಳಗಿನ ಜಾಗಕ್ಕೆ ಪಂಚಾಯತಿಯ ಇ-ಸ್ವತ್ತು ಪತ್ರ ನಿಮ್ಮ ಹೆಸರಿನಲ್ಲಿರಬೇಕು. ಬಾಡಿಗೆ ಕರಾರು ಬರೆದೇ ಖೋಲಿ ಕೊಡಿ. ಕರಾರು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಅದಕ್ಕೇ ಹನ್ನೊಂದು ತಿಂಗಳ ರೂಢಿ.

ನೀರು, ಮೀಟರು, ಮರ್ಯಾದೆ

1990ರ ‘ಗಣೇಶನ ಮದುವೆ’ಯಲ್ಲಿ ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು ಪಟ್ಟ ಪಾಡು ನೆನಪಿದೆಯೇ? ಪರದೆಯ ಮೇಲೆ ನಗು, ಮನೆಯಲ್ಲಾದರೆ ಬಿ.ಪಿ.! ಖೋಲಿಗೊಂದು ಕರೆಂಟ್ ಮೀಟರ್ ಇಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನೀರಿನ ಮಾತು ಮೊದಲೇ ಆಡಿ. ಕೊಪ್ಪಳ ಸೀಮೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಬಳಸುವ ನೀರು ಬೇರೆ, ಕುಡಿಯುವ ನೀರು ಬೇರೆ ಎಂದು ಹುಡುಗರಿಗೆ ಹೇಳಿಬಿಡಿ.

ಕೊನೆಯ ಮಾತೇ ದೊಡ್ಡ ಮಾತು. ಖೋಲಿ ಎದ್ದು ನಿಂತ ಮೇಲೆ “ಅಪ್ಪಾ, ಹೆಂಗೂ ನಮಗs ಬರೋದಲ್ಲ, ಈಗs ನಮ್ಮ ಹೆಸರಿಗೆ ಮಾಡ್ರಿ” ಎಂದು ಮಕ್ಕಳು ಕೇಳಬಹುದು. ಮಕ್ಕಳು ಒಳ್ಳೆಯವರೇ ಇರಲಿ, ಅವಸರ ಬೇಡ. ಕೊಡಲೇಬೇಕಾದರೆ, ‘ಕೊನೆಯವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ದಾನಪತ್ರದಲ್ಲಿ ಬರೆಸಿ. ಅದು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಪತ್ರ ರದ್ದುಮಾಡಿಸಲು ದಾರಿಯಿದೆ. ಅದಕ್ಕಿಂತ ಸಲೀಸು, ವಿಲ್ ಬರೆದಿಟ್ಟು ಬಾಡಿಗೆಯನ್ನು ನಿಮ್ಮ ಕೈಯಲ್ಲೇ ಎಣಿಸಿಕೊಳ್ಳುವುದು.

ತಿಂಗಳ ಮೊದಲ ವಾರ ಬರುವ ಎರಡೂವರೆ ಸಾವಿರ ಯಾರನ್ನೂ ಸಾಹುಕಾರನನ್ನಾಗಿ ಮಾಡುವುದಿಲ್ಲ. ಆದರೆ ಗುಳಿಗೆಗೆ, ಮೊಮ್ಮಗನ ಕೈಗಿಡುವ ನೋಟಿಗೆ, ಜಾತ್ರೆಯ ಬಸ್ ಚಾರ್ಜಿಗೆ ಯಾರ ಮುಖವನ್ನೂ ನೋಡಬೇಕಿಲ್ಲ. ಮೇಷ್ಟ್ರ ಜೋಡಿ ಒಂದೇ ಸೂರಿನಡಿ ಉಳಿಯಲು ಅಷ್ಟು ಸಾಕು!