ಗುಲ್ಮಾರ್ಗ್‌ನ ಹಿಮ, ಮಧುಗಿರಿಯ ಬಂಡೆ

ಫಸ್ಟ್ ಪಿಯು ಓದುತ್ತಿದ್ದಾಗ, 2025ರ ಜನವರಿಯಲ್ಲಿ, ಮಾಮು ಅವರ ಕುಟುಂಬದ ಜೊತೆ ನಾವೂ ಕಾಶ್ಮೀರಕ್ಕೆ ಹೋಗಿದ್ದೆವು. ಬಂದ ಮೇಲೆ ಕ್ಲಾಸಿನಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: "ಹಿಮದ ಮೇಲೆ ಜಾರಿದ್ಯಾ, ಬಿದ್ಯಾ?" ಎರಡೂ ಆಯಿತು. ಆದರೆ ಅದಕ್ಕಿಂತ ಹೆಚ್ಚು ಹೇಳಬೇಕೆನಿಸಿದ್ದು ಗುಲ್ಮಾರ್ಗ್ ಎಂಬ ಜಾಗ ಹೇಗೆ ನಡೆಯುತ್ತದೆ ಎಂಬುದನ್ನು. ನಮ್ಮ ಮಧುಗಿರಿ ಏಕಶಿಲಾ ಬೆಟ್ಟಕ್ಕೂ ರೋಪ್‌ವೇ ಆಗಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಆ ಮಾತು ಬಂದಾಗ ನಾವೂ ಲೆಕ್ಕ ಹಾಕಲು ಕಲಿತಿರಬೇಕು. ಕಾಮರ್ಸ್ ಓದುವವರು ನಾವಲ್ಲದೆ ಇನ್ಯಾರು ಹಾಕಬೇಕು?

ಎತ್ತರದ ಲೆಕ್ಕ

ಗುಲ್ಮಾರ್ಗ್ ಇರುವುದು ಬಾರಾಮುಲ್ಲಾ ಜಿಲ್ಲೆಯಲ್ಲಿ, ಶ್ರೀನಗರದಿಂದ ಸುಮಾರು 50 ಕಿ.ಮೀ. ದೂರ. ಗುಲ್ ಎಂದರೆ ಹೂವು, ಮಾರ್ಗ್ ಎಂದರೆ ಹುಲ್ಲುಗಾವಲು. ಬೇಸಿಗೆಯಲ್ಲಿ ಹೂವಿನ ಬಯಲು, ಚಳಿಗಾಲದಲ್ಲಿ ಹಿಮದ ಬಯಲು. ಆ ಬಯಲೇ ಸಮುದ್ರಮಟ್ಟದಿಂದ ಸುಮಾರು 2650 ಮೀಟರ್ ಎತ್ತರದಲ್ಲಿದೆ. ನಮ್ಮ ಮಧುಗಿರಿ ಬೆಟ್ಟದ ತುದಿ ಸುಮಾರು 1200 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1930 ಮೀಟರ್. ಅಂದರೆ ಗುಲ್ಮಾರ್ಗ್‌ನಲ್ಲಿ ಬಸ್ ಇಳಿದು ನಿಂತ ಜಾಗವೇ ನಮ್ಮ ರಾಜ್ಯದ ಎಲ್ಲ ಬೆಟ್ಟಗಳಿಗಿಂತ ಮೇಲಿದೆ.

ಅಲ್ಲಿಂದ ಗೊಂಡೋಲಾ ಎಂಬ ಕೇಬಲ್ ಕಾರ್ ಎರಡು ಹಂತಗಳಲ್ಲಿ ಮೇಲೇರುತ್ತದೆ. ಫ್ರಾನ್ಸಿನ ಪೊಮಗಾಲ್ಸ್ಕಿ ಕಂಪನಿಯ ತಂತ್ರಜ್ಞಾನ ಅದು. ಕೊಂಗ್‌ಡೂರಿಯವರೆಗಿನ ಮೊದಲ ಹಂತ 1998ರಲ್ಲಿ ಶುರುವಾಯಿತು, ಅಫರ್ವಾತ್ ಬೆಟ್ಟದ ಮೇಲಿನವರೆಗಿನ ಎರಡನೇ ಹಂತ 2005ರಲ್ಲಿ. ಎರಡನೇ ಹಂತ ಮುಗಿಯುವಾಗ ನಾವು ಸುಮಾರು 3950 ಮೀಟರ್ ಎತ್ತರದಲ್ಲಿರುತ್ತೇವೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 40ರಷ್ಟು ಕಡಿಮೆ. ಹತ್ತು ಹೆಜ್ಜೆ ನಡೆದರೆ ಏದುಸಿರು. ಕೆಳಗಿನ ಬಯಲಿನಲ್ಲಿಯೇ ನೀರು 91 ಡಿಗ್ರಿಯ ಹತ್ತಿರ ಕುದಿಯುತ್ತದೆ. "ಚಾಯ್ ಕುದಿಯುತ್ತಿದೆ, ಆದರೆ ನಾಲಿಗೆ ಸುಡುತ್ತಿಲ್ಲ" ಎಂದು ಅಮ್ಮಿ ಆಶ್ಚರ್ಯಪಟ್ಟರು.

ಇಳಿಜಾರಿನ ಲೆಕ್ಕ

ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಹಳೆಯದು. ಬ್ರಿಟಿಷರು 1927ರಲ್ಲಿಯೇ ಇಲ್ಲಿ ಸ್ಕೀ ಕ್ಲಬ್ ಕಟ್ಟಿದ್ದರು. ಕಲಿಯುವವರಿಗೆ ಕೆಳಗಿನ ಬಯಲೇ ಶಾಲೆ. ಮೊದಲ ಪಾಠ ಬ್ರೇಕ್ ಹಾಕುವುದು. ಎರಡು ಪಟ್ಟಿಗಳ ಮುಂತುದಿ ಹತ್ತಿರ, ಹಿಂತುದಿ ದೂರ ಮಾಡಿ, ಒಳ ಅಂಚನ್ನು ಹಿಮಕ್ಕೆ ಒತ್ತಬೇಕು. ನೇಗಿಲು ಮಣ್ಣನ್ನು ತಳ್ಳಿದಂತೆ ಪಟ್ಟಿಗಳು ಹಿಮವನ್ನು ತಳ್ಳುತ್ತವೆ, ವೇಗ ಇಳಿಯುತ್ತದೆ. ನಮ್ಮ ಬೆಟ್ಟದಲ್ಲಿ ಬಂಡೆಗೂ ಪಾದಕ್ಕೂ ನಡುವಿನ ಘರ್ಷಣೆ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಹಿಮದ ಮೇಲೆ ಘರ್ಷಣೆಯನ್ನು ನಾವೇ ಉಂಟುಮಾಡಿಕೊಳ್ಳಬೇಕು.

ಅಫರ್ವಾತ್‌ನ ಮೇಲ್ಭಾಗ ಬೇರೆಯೇ ಲೋಕ. ಮರಗಳಿಲ್ಲ. ಯಂತ್ರದಿಂದ ಹಿಮವನ್ನು ಸಮ ಮಾಡಿದ ದಾರಿಗಳು ತೀರಾ ಕಡಿಮೆ. ಹೊರದೇಶದ ನುರಿತ ಸ್ಕೀಯರ್‌ಗಳು ಬರುವುದೇ ಈ ಒರಟು ಇಳಿಜಾರಿಗಾಗಿ. ಅಪಾಯವೂ ಅಲ್ಲೇ ಇದೆ. ಬೇರೆ ಬೇರೆ ದಿನ ಬಿದ್ದ ಹಿಮ ಪದರ ಪದರವಾಗಿ ಕೂರುತ್ತದೆ. ನಡುವಿನ ಒಂದು ಪದರ ಸಡಿಲವಾಗಿದ್ದರೆ, ಮೇಲೆ ಹೋಗುವವನ ಭಾರಕ್ಕೆ ಅದು ಕುಸಿದು, ಮೇಲಿನ ಹಾಸು ಇಡಿಯಾಗಿ ಜಾರುತ್ತದೆ, ಓರೆ ಮಾಡಿದ ತಟ್ಟೆಯಿಂದ ದೋಸೆ ಜಾರಿದ ಹಾಗೆ. ಇಂಥ ಹಿಮಪಾತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀಯರ್‌ಗಳಿಗೆ ಇಷ್ಟವಾಗುವ ಇಳಿಜಾರೂ ಅದೇ. 2023ರ ಫೆಬ್ರವರಿ 1ರಂದು ಪೋಲೆಂಡ್‌ನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಹೀಗೆಯೇ ಪ್ರಾಣ ಕಳೆದುಕೊಂಡರು.

ಇದೆಲ್ಲ ನಮ್ಮಂಥ ದಕ್ಷಿಣದವರಿಗಲ್ಲ ಎಂದುಕೊಳ್ಳಬೇಡಿ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಇದೇ ಗುಲ್ಮಾರ್ಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು ಕೊಡಗಿನ ತೆಕ್ಕಡ ಭವಾನಿ ನಂಜುಂಡ. ಹಿಮವೇ ಬೀಳದ ಜಿಲ್ಲೆಯ ಹುಡುಗಿ!

ದುಡ್ಡಿನ ಲೆಕ್ಕ

ಗೊಂಡೋಲಾ ನಡೆಸುವುದು ಜಮ್ಮು ಮತ್ತು ಕಾಶ್ಮೀರ ಕೇಬಲ್ ಕಾರ್ ಕಾರ್ಪೊರೇಷನ್, ಅಂದರೆ ಸರ್ಕಾರದ ಸಂಸ್ಥೆ. ಕಂಬ, ಹಗ್ಗ, ಮೋಟಾರು, ಸಿಬ್ಬಂದಿ, ತಪಾಸಣೆ ಇವೆಲ್ಲ ಬಹುಪಾಲು ಸ್ಥಿರ ವೆಚ್ಚ. ಒಬ್ಬರು ಹತ್ತಿದರೂ ಅಷ್ಟೇ, ಸಾವಿರ ಜನ ಹತ್ತಿದರೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ರೋಪ್‌ವೇ ಉಳಿಯಬೇಕಾದರೆ ಜನ ಬರುತ್ತಲೇ ಇರಬೇಕು. ತಪಾಸಣೆಯಲ್ಲಿ ಚೌಕಾಸಿ ಮಾಡುವಂತಿಲ್ಲ. 2017ರ ಜೂನ್ 25ರಂದು ಬಿರುಗಾಳಿಗೆ ಮರವೊಂದು ಉರುಳಿ, ಕ್ಯಾಬಿನ್ ಕೆಳಗೆ ಬಿದ್ದು ಏಳು ಜನ ಸತ್ತರು.

ಗೊಂಡೋಲಾದ ಸುತ್ತ ಇನ್ನೊಂದು ಮಾರುಕಟ್ಟೆಯಿದೆ. ಗಂಬೂಟು, ಕೋಟು ಬಾಡಿಗೆಗೆ ಕೊಡುವವರು, ಕುದುರೆಯವರು, ಸ್ಲೆಡ್ಜ್ ಎಳೆಯುವವರು, ಗೈಡುಗಳು, ಕಹ್ವಾ ಮಾರುವವರು. ಅವರು ತಮ್ಮೊಳಗೆ ಮಾತಾಡುವುದು ಕಾಶ್ಮೀರಿ, ನಮ್ಮೊಡನೆ ಉರ್ದು. ಅಬ್ಬಾ ನಮ್ಮ ದಖ್ಖನಿಯಲ್ಲಿ "ನಕ್ಕೊ ಭಾಯ್, ನಕ್ಕೊ" ಎಂದಾಗ ಸ್ಲೆಡ್ಜ್ ಚಾಚಾ ಒಬ್ಬರು ಅರ್ಥವಾಗದೆ ನಿಂತರು. ಅರ್ಥ ತಿಳಿದ ಮೇಲೆ ನಕ್ಕು, ನಮ್ಮ ಜೊತೆಗೇ ಉಳಿದುಬಿಟ್ಟರು. ಸಂಪಾದನೆ ಹೇಗೆ ಎಂದು ಕೇಳಿದೆ. "ಹಿಮ ಬಿದ್ದರೆ ಮಕ್ಕಳ ಫೀಸು, ಬೀಳದಿದ್ದರೆ ಸಾಲ" ಎಂದರು.

ಅವರ ಮಾತು ಒಂದೇ ತಿಂಗಳಲ್ಲಿ ನನಗೆ ಮತ್ತೆ ನೆನಪಾಯಿತು. ಆ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಹಿಂದಿನ ವರ್ಷ, 2024ರ ಜನವರಿಯಲ್ಲಿಯೂ ಬಯಲು ಬಹುಪಾಲು ಒಣಗಿತ್ತು. ಅದಾದ ಮೇಲೆ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ಕರ್ನಾಟಕದಿಂದ ಹೋದವರಿದ್ದರು. ಪ್ರವಾಸಿಗರನ್ನು ಕುದುರೆ ಮೇಲೆ ಕರೆದೊಯ್ಯುತ್ತಿದ್ದ ಅಲ್ಲಿಯವರೇ ಆದ ಆದಿಲ್ ಹುಸೇನ್ ಶಾ ಅವರೂ ಇದ್ದರು. ಹೋಗಬೇಕೆಂದಿದ್ದವರು ಬುಕಿಂಗ್ ರದ್ದು ಮಾಡಿದರು. ನಮ್ಮ ಪುಸ್ತಕದಲ್ಲಿ 'ವ್ಯವಹಾರದ ಅಪಾಯ' ಎಂದು ಒಂದು ಪಾಠವಿದೆ. ಪ್ರಕೃತಿಯಿಂದ ಬರುವ ಅಪಾಯ, ಮನುಷ್ಯರಿಂದ ಬರುವ ಅಪಾಯ ಎಂದು ಬಾಯಿಪಾಠ ಮಾಡುತ್ತೇವೆ. ಸ್ಲೆಡ್ಜ್ ಚಾಚಾ ಅವರಿಗೆ ಅದೇ ವರ್ಷ ಎರಡೂ ಎದುರಾದವು.

ನಮ್ಮ ಬೆಟ್ಟದ ಲೆಕ್ಕ

ಈಗ ಮಧುಗಿರಿಗೆ ಬನ್ನಿ. ಇಲ್ಲಿ ಹಿಮವಿಲ್ಲ, ಆದರೆ ಇಳಿಜಾರಿಗೆ ಕೊರತೆಯಿಲ್ಲ. ಒಂದೇ ಬಂಡೆಯ ಬೆಟ್ಟ, ಕೋಟೆ ಬಾಗಿಲುಗಳು, ನೀರಿನ ದೊಣೆಗಳು, ಬಂಡೆಯಲ್ಲೇ ಕಡಿದ ಹೆಜ್ಜೆ ಗುರುತುಗಳು, ಅಲ್ಲಲ್ಲಿ ಹಿಡಿದುಕೊಳ್ಳಲು ಕಂಬಿ. ಅರ್ಧಕ್ಕೆ ಹೋಗಿ ಕೂತುಬಿಡುವವರೂ ಉಂಟು. ಪಾವಗಡದ ಕೋಟೆ, ನಿಡುಗಲ್ ದುರ್ಗ, ಕೊರಟಗೆರೆ ಕಡೆಯ ಸಿದ್ಧರಬೆಟ್ಟ, ಚನ್ನರಾಯನದುರ್ಗ ಹೀಗೆ ನಮ್ಮ ಸುತ್ತಲೂ ಬೆಟ್ಟಗಳೇ. ಆದರೆ ಬೆಂಗಳೂರಿನವರು ಭಾನುವಾರ ಬೆಳಿಗ್ಗೆ ಬರುತ್ತಾರೆ, ಹತ್ತುತ್ತಾರೆ, ಇಳಿಯುತ್ತಾರೆ, ಸಂಜೆಯೊಳಗೆ ಹೊರಟುಹೋಗುತ್ತಾರೆ. ಊರಿಗೆ ಉಳಿಯುವುದು ನೀರಿನ ಬಾಟಲಿ, ಸೌತೆಕಾಯಿ, ಚಹಾದ ಕಾಸು.

ರೋಪ್‌ವೇ ಬಂದರೆ ಅಜ್ಜಿ-ತಾತಂದಿರೂ, ಕಾಲಿಗೆ ತೊಂದರೆ ಇರುವವರೂ ಕೋಟೆ ನೋಡಬಹುದು. ಅದು ದೊಡ್ಡ ಲಾಭವೇ. ಆದರೂ ಮೂರು ಪ್ರಶ್ನೆ ಕೇಳಬೇಕು. ಭಾನುವಾರ ಬಿಟ್ಟು ಉಳಿದ ಆರು ದಿನ ಸ್ಥಿರ ವೆಚ್ಚವನ್ನು ಯಾರು ತುಂಬುತ್ತಾರೆ? ತಪಾಸಣೆ ಪ್ರತಿ ತಿಂಗಳು, ಪ್ರತಿ ವರ್ಷ ತಪ್ಪದೆ ನಡೆಯುತ್ತದೆಯೇ? ಬುಡದಲ್ಲಿ ಸೌತೆಕಾಯಿ ಮಾರುವವರಿಗೆ ಟಿಕೆಟ್ ಕೌಂಟರ್ ಪಕ್ಕದಲ್ಲಿ ಜಾಗ ಇರುತ್ತದೆಯೇ, ಅಥವಾ ಮೊದಲು ಎತ್ತಂಗಡಿಯಾಗುವವರು ಅವರೇನಾ?

ರೋಪ್‌ವೇಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸವೂ ಇದೆ. ಗುಲ್ಮಾರ್ಗ್‌ನಲ್ಲಿ ಹಿಮದ ದಾರಿ ಬಲ್ಲವರಿಗೆ ಗೈಡ್ ಎಂಬ ಹೆಸರಿದೆ, ಕೂಲಿಯಿದೆ. ನಮ್ಮ ಬೆಟ್ಟದಲ್ಲಿ ಮಳೆ ಬಿದ್ದಾಗ ಯಾವ ಬಂಡೆ ಜಾರುತ್ತದೆ, ಯಾವ ದೊಣೆಯ ಹತ್ತಿರ ಜೇನು ಕಟ್ಟಿದೆ ಎಂದು ಬಲ್ಲ ಹುಡುಗರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಅವರಿಗೆ ತರಬೇತಿ, ಗುರುತಿನ ಚೀಟಿ, ನ್ಯಾಯವಾದ ಕೂಲಿ ಕೊಟ್ಟರೆ ಬಂದವರ ಜೀವಕ್ಕೂ ರಕ್ಷಣೆ, ಊರಿನವರ ಜೇಬಿಗೂ ಸ್ವಲ್ಪ ಕಾಸು. ಅದಕ್ಕೆ ಬೇಕಾದ ಬಂಡವಾಳ ಒಂದು ಕೇಬಲ್ ಕಾರಿಗಿಂತ ಬಹಳ ಕಡಿಮೆ.